ಮಳೆ ಮುಚ್ಚಿದ ಬಂಡೆ, ಹಿಮ ಕೆರೆದ ಬಂಡೆ

ಸಾಗರ, ಹೊಸನಗರದ ಕಡೆ ಬಾವಿ ತೋಡುವವರ ಜೊತೆ ಒಂದು ದಿನ ನಿಂತರೆ ಭೂವಿಜ್ಞಾನದ ಅರ್ಧ ಪಾಠ ಅಲ್ಲೇ ಆಗಿಹೋಗುತ್ತದೆ. ಮೊದಲು ಬೇರು, ದರಗು ಸೇರಿದ ಕಂದು ಮಣ್ಣು. ಆಮೇಲೆ ಜಂಬಿಟ್ಟಿಗೆ, ಅಂದರೆ ಮನೆ ಕಟ್ಟಲು ಕಡಿಯುವ ಕೆಂಪು ಕಲ್ಲು. ಹಾರೆ ಬಿದ್ದರೆ ಸದ್ದು ಮಾಡುತ್ತದೆ, ಆದರೆ ಪಟ್ಟು ಹಿಡಿದರೆ ಒಡೆಯುತ್ತದೆ. ಇನ್ನೂ ಕೆಳಗೆ ಹೋದ ಹಾಗೆ ಬಣ್ಣ ತಿರುಗುತ್ತದೆ. ಕೆಂಪಿನ ನಡುವೆ ಹಳದಿ ಮಚ್ಚೆ, ಹಳದಿಯ ನಡುವೆ ಬಿಳಿ, ಕೊನೆಗೆ ಬೆರಳಿಗೆ ಅಂಟುವ ನುಣುಪಾದ ಜೇಡಿ. ಗಟ್ಟಿ ಬಂಡೆ ಸಿಗೋದು ಅದರಿಂದಾಚೆ.

ಆ ಬಂಡೆಯ ಮೇಲೆ ಇರೋದೆಲ್ಲ ಒಂದು ಕಾಲಕ್ಕೆ ಬಂಡೆಯೇ ಆಗಿತ್ತು. ಅದನ್ನು ಮಣ್ಣು ಮಾಡಿದ್ದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಚೂರು ಆಮ್ಲವಾಗುತ್ತದೆ. ಆ ನೀರು ಬಿರುಕಿನಲ್ಲಿ ಇಳಿಯುತ್ತಾ ಬಂಡೆಯೊಳಗಿನ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಸಿಲಿಕಾವೂ ನಿಧಾನಕ್ಕೆ ಜಾಗ ಖಾಲಿ ಮಾಡುತ್ತದೆ. ಸುಲಭಕ್ಕೆ ಕರಗದೆ ಉಳಿಯೋದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟ ಇದೆಯಲ್ಲ, ಜಂಬಿಟ್ಟಿಗೆ ಅಂದರೆ ಬಂಡೆಯ ಚರಟ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುವ ಇದು ಗಾಳಿ, ಬಿಸಿಲಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಈ ಗುಣವನ್ನು ಮಲಬಾರಿನಲ್ಲಿ ಗಮನಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ವರದಿಯಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ನಮ್ಮ ಮನೆ ಕಟ್ಟುವವರಿಗೆ ಅದು ಅದಕ್ಕೂ ಎಷ್ಟೋ ಮುಂಚೆಯೇ ಗೊತ್ತಿತ್ತು ಬಿಡಿ.

ಖನಿಜ ಹುಡುಕುವವರಿಗೆ ಈ ಹೊದಿಕೆ ದೊಡ್ಡ ತಲೆನೋವು. ಧರೆ ಕಡಿದಲ್ಲೆಲ್ಲ ಕೆಂಪು, ರಸ್ತೆ ಮಾಡಿದಲ್ಲೆಲ್ಲ ಕೆಂಪು. ದೀವರ ಮನೆಯ ಹಸೆ ಚಿತ್ತಾರಕ್ಕೆ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಹಾಗಂತ ಕೆಂಪು ಕಂಡಲ್ಲೆಲ್ಲ ಅದಿರು ಇದೆ ಅಂದುಕೊಂಡರೆ ಮಲೆನಾಡು ಪೂರ್ತಿ ಗಣಿಯಾಗಬೇಕಿತ್ತು. ಕೆಳಗಿರೋದು ಸುಮ್ನೆ ಒಂದು ಮಾಮೂಲಿ ಕಲ್ಲಾದರೂ ಮೇಲಿನ ಮಣ್ಣು ಕೆಂಪಾಗುತ್ತದೆ. ಕೆಳಗೆ ನಿಜಕ್ಕೂ ಅದಿರಿದ್ದರೂ ಮೇಲಿನ ಮಣ್ಣು ಅದೇ ಕೆಂಪು.

ಈಗ ಭೂಮಿಯ ಬಡಗಣ ತುದಿಗೆ ಹೋಗೋಣ. ಸ್ವೀಡನ್, ಫಿನ್ಲೆಂಡ್, ಕೆನಡಾದ ಉತ್ತರ ಭಾಗ. ಅಲ್ಲಿರುವ ಬಂಡೆಗಳು ನಮ್ಮ ಬಂಡೆಗಳಿಗೆ ವಯಸ್ಸಿನಲ್ಲಿ ಅಣ್ಣತಮ್ಮಂದಿರ ಹಾಗೆ. ನೂರಾರು ಕೋಟಿ ವರ್ಷ ಹಳೆಯವು, ಖಂಡಗಳ ಗಟ್ಟಿ ಬುಡ. ಆದರೆ ಅಲ್ಲಿ ಜಂಬಿಟ್ಟಿಗೆ ಇಲ್ಲ. ಕಳೆದ ಹಿಮಯುಗದಲ್ಲಿ ಎರಡು-ಮೂರು ಕಿಲೋಮೀಟರ್ ದಪ್ಪದ ಹಿಮದ ಹಾಸು ಅಲ್ಲಿನ ನೆಲದ ಮೇಲೆ ತೆವಳಿಕೊಂಡು ಹೋಯಿತು. ಮೇಲಿದ್ದ ಮಣ್ಣನ್ನೆಲ್ಲ ಕೆರೆದು, ಬಂಡೆಯ ತಲೆಯನ್ನೂ ಕಿತ್ತು, ಅರೆದು, ಎಲ್ಲೋ ಒಯ್ದು ಸುರಿಯಿತು. ಹಿಮ ಕರಗಿ ಹೆಚ್ಚುಕಡಿಮೆ 10,000 ವರ್ಷ ಆಯಿತು. ಬಂಡೆ ಕೊಳೆತು ಮಣ್ಣಾಗಲು ಅಷ್ಟು ಸಮಯ ಏನೇನೂ ಸಾಲದು, ಅದರಲ್ಲೂ ಆ ಚಳಿಯಲ್ಲಿ. ಹಾಗಾಗಿ ಇಲ್ಲಿ ಬಂಡೆ ಇದ್ದಲ್ಲೇ ಇದೆ, ಕೊಳೆತಿದೆ. ಅಲ್ಲಿ ಬಂಡೆ ಕೊಳೆತಿಲ್ಲ, ಆದರೆ ಅದರ ಚೂರು ಇದ್ದಲ್ಲಿ ಇಲ್ಲ. ಎರಡೂ ಕಡೆ ಖನಿಜ ಹುಡುಕುವ ಕೆಲಸ ಬೇರೆ ಬೇರೆಯಾಗಿರೋದು ಇದೇ ಕಾರಣಕ್ಕೆ.

ಫಿನ್ಲೆಂಡಿನ ಕಥೆ ಕೇಳಿ. 1908ರಲ್ಲಿ ಕಿವಿಸಾಲ್ಮಿ ಎಂಬಲ್ಲಿ ಕಾಲುವೆ ಹೂಳೆತ್ತುವಾಗ ಒಂದು ದೊಡ್ಡ ಗುಂಡುಕಲ್ಲು ಸಿಕ್ಕಿತು. ಒಳಗೆ ತುಂಬ ತಾಮ್ರದ ಅದಿರು. ಆದರೆ ಸುತ್ತಮುತ್ತ ಅಂಥ ಬಂಡೆಯೇ ಇಲ್ಲ. ಅಂದರೆ ಹಿಮ ಅದನ್ನು ಹೊತ್ತು ತಂದಿದೆ. ಎಲ್ಲಿಂದ? ಒಟ್ಟೊ ಟ್ರೂಸ್ಟೆಡ್ ಎಂಬ ಗಣಿ ಎಂಜಿನಿಯರ್ ಅದರ ಬೆನ್ನು ಹತ್ತಿದ. ಹಿಮ ತೆವಳುವಾಗ ಅದರ ಅಡಿಗೆ ಸಿಕ್ಕಿದ ಕಲ್ಲುಗಳು ಬಂಡೆಯ ಮೇಲೆ ಗೀರು ಹಾಕಿರುತ್ತವೆ. ಆ ಗೀರು ನೋಡಿದರೆ ಹಿಮ ಯಾವ ದಿಕ್ಕಿಗೆ ಹೋಗಿತ್ತು ಅಂತ ತಿಳಿಯುತ್ತದೆ. ಅದರ ಎದುರು ದಿಕ್ಕಿಗೆ, ವಾಯವ್ಯಕ್ಕೆ ಹುಡುಕುತ್ತಾ ಹೋಗಿ, 1910ರಲ್ಲಿ ಸುಮಾರು 50 ಕಿಲೋಮೀಟರ್ ದೂರದ ಔಟೊಕುಂಪು ಬೆಟ್ಟದಲ್ಲಿ ತಾಮ್ರದ ನಿಕ್ಷೇಪ ಪತ್ತೆಯಾಯಿತು. ಒಂದು ಕಲ್ಲಿನ ಹಿಂದೆ 50 ಕಿಲೋಮೀಟರ್!

ಕೆನಡಾದಲ್ಲಿ ಚಕ್ ಫಿಪ್ಕಿ ಮತ್ತು ಸ್ಟೀವರ್ಟ್ ಬ್ಲಸನ್ ವಜ್ರ ಹುಡುಕಿದ್ದೂ ಇದೇ ದಾರಿಯಲ್ಲಿ. ವಜ್ರ ಸಿಗೋದು ಅಪರೂಪ, ಆದರೆ ಅದರ ಜೊತೆಗೇ ಆಳದಿಂದ ಮೇಲೆ ಬರುವ ನೇರಳೆಗೆಂಪು ಗಾರ್ನೆಟ್, ಹಸಿರು ಡಯಾಪ್ಸೈಡ್‌ನಂಥ ಹರಳುಗಳು ಜಾಸ್ತಿ ಸಿಗುತ್ತವೆ. ಹಿಮ ಸುರಿದುಹೋದ ಮರಳನ್ನು ಜಾಲಿಸಿ, ಆ ಹರಳಿನ ಜಾಡು ಹಿಡಿದು ನೂರಾರು ಕಿಲೋಮೀಟರ್ ಹಿಂದಕ್ಕೆ ಹೋಗಿ, 1991ರಲ್ಲಿ ವಜ್ರದ ಬಂಡೆ ಮುಟ್ಟಿದರು. 1998ರಲ್ಲಿ ಎಕಾಟಿ ಗಣಿ ಶುರುವಾಯಿತು. ಫಿನ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ. 1960ರ ದಶಕದಲ್ಲಿ ನಾಯಿಗಳಿಗೆ ತರಬೇತಿ ಕೊಟ್ಟು, ಗಂಧಕ ಸೇರಿದ ಅದಿರುಗಲ್ಲುಗಳನ್ನು ಮೂಸಿ ಹುಡುಕಿಸಿದರು. ಕೊಳೆಯುತ್ತಿರುವ ಸಲ್ಫೈಡ್ ಕಲ್ಲಿಗೆ ಒಂದು ವಾಸನೆ ಇರುತ್ತದೆ, ನಮಗೆ ಗೊತ್ತಾಗದಿದ್ದರೂ ನಾಯಿಗೆ ಗೊತ್ತಾಗುತ್ತದೆ.

ನಮ್ಮಲ್ಲಿ ನಾಯಿಯ ಕೆಲಸ ಮಾಡೋದು ಹಳ್ಳ. ಪ್ರತಿ ಮಳೆಗಾಲದಲ್ಲೂ ಗುಡ್ಡದ ಮೈಯಿಂದ ಚೂರುಪಾರು ತೊಳೆದು ಕೆಳಗೆ ತರುತ್ತದೆ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಹಳ್ಳದ ತಳದ ನುಣುಪು ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಹತ್ತಾರು ಧಾತುಗಳಿಗೆ ಪರೀಕ್ಷೆ ಮಾಡುತ್ತಾರೆ. ಒಂದು ಹಳ್ಳದಲ್ಲಿ ನಿಕ್ಕಲ್ ಜಾಸ್ತಿ, ಪಕ್ಕದ ಹಳ್ಳದಲ್ಲಿ ಇಲ್ಲ ಅಂದರೆ ಯಾವ ಗುಡ್ಡ ಹತ್ತಬೇಕು ಅಂತ ಗೊತ್ತಾಯಿತಲ್ಲ. ಚಿನ್ನದ ವಿಷಯದಲ್ಲಿ ಇದು ಬಹಳ ಹಳೆಯ ವಿದ್ಯೆ. ಮರಿಗೆಯಲ್ಲಿ ಹೊಳೆಮರಳು ಹಾಕಿ, ನೀರಿನಲ್ಲಿ ಅಲುಗಾಡಿಸಿ, ಹಗುರ ಮರಳನ್ನು ಹೊರಗೆ ಬಿಟ್ಟು ಭಾರದ್ದನ್ನು ಉಳಿಸಿಕೊಳ್ಳುವ ಜಲಗಾರರು ಕಪ್ಪತಗುಡ್ಡದ ಕಡೆ ಇದ್ದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾದಾಗ ಅದರ ಮೊದಲ ಮುಖ್ಯಸ್ಥನಾದ ರಾಬರ್ಟ್ ಬ್ರೂಸ್ ಫೂಟ್ ಇಂಥವರನ್ನೂ, ಹಳೆಯ ಚಿನ್ನದ ಗುಂಡಿಗಳನ್ನೂ ಗಮನಿಸಿ ಬರೆದವನು. ಹಿಂದಿನವರು ತೋಡಿ ಬಿಟ್ಟ ಗುಂಡಿ ಇದ್ದಲ್ಲಿ ಏನೋ ಇರಲೇಬೇಕು ಅನ್ನೋದು ಒಳ್ಳೆಯ ಲೆಕ್ಕ. ಹೊನ್ನಾಳಿ ಸೀಮೆಯಲ್ಲೂ ಚಿನ್ನದ ಗಣಿ ನಡೆದಿತ್ತು.

ಹುತ್ತವನ್ನೂ ಮರೆಯಬಾರದು. ಗೆದ್ದಲು ಹಸಿಮಣ್ಣಿಗಾಗಿ ಆಳಕ್ಕೆ ಇಳಿದು, ಅಲ್ಲಿನ ಕಣವನ್ನು ಮೇಲೆ ತಂದು ಪೇರಿಸುತ್ತದೆ. ಖರ್ಚಿಲ್ಲದೆ ಬೋರ್ ಹಾಕಿದ ಹಾಗಾಯಿತು. ಆಸ್ಟ್ರೇಲಿಯಾ, ಆಫ್ರಿಕಾದಲ್ಲಿ ಹುತ್ತದ ಮಣ್ಣು ಪರೀಕ್ಷಿಸಿ ಚಿನ್ನದ ಸುಳಿವು ಹಿಡಿದಿದ್ದಾರೆ.

ಕಬ್ಬಿಣದ ಅದಿರಾದರೆ ಇಷ್ಟೆಲ್ಲ ಕಷ್ಟವಿಲ್ಲ, ಅದರಲ್ಲೂ ಮ್ಯಾಗ್ನೆಟೈಟ್ ಆದರೆ. ಅದು ಸ್ವತಃ ಆಯಸ್ಕಾಂತಕ್ಕೆ ಅಂಟುವ ಖನಿಜ, ದಿಕ್ಸೂಚಿಯ ಮುಳ್ಳನ್ನು ದಾರಿ ತಪ್ಪಿಸುತ್ತದೆ. ಸ್ವೀಡನ್ನಿನವರು 1600ರ ದಶಕಗಳಲ್ಲೇ ಇದಕ್ಕೆಂದೇ ಗಣಿ ದಿಕ್ಸೂಚಿ ಮಾಡಿಕೊಂಡಿದ್ದರು. ಈಗ ಅದೇ ಕೆಲಸವನ್ನು ವಿಮಾನಕ್ಕೆ ಕಟ್ಟಿದ ಮ್ಯಾಗ್ನೆಟೋಮೀಟರ್ ಮಾಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಹುಡುಕಲು ಬೆಳೆದ ಉಪಕರಣ ಅದು. ಕಾಡು, ಮಣ್ಣು, ಜಂಬಿಟ್ಟಿಗೆ ಯಾವುದೂ ಅದಕ್ಕೆ ಅಡ್ಡಿಯಲ್ಲ.

ಆದರೆ ಅದಿರು ಸಿಕ್ಕಿತು ಅಂದರೆ ಗಣಿ ಆಯಿತು ಅಂತಲ್ಲ. ಪತ್ರಿಕೆಯಲ್ಲಿ 'ಮಲೆನಾಡಿನಲ್ಲಿ ನಿಕ್ಷೇಪ ಪತ್ತೆ' ಅಂತ ಬಂದ ಕೂಡಲೇ ನಾಳೆಯೇ ಜೆಸಿಬಿ ಬರುತ್ತದೆ ಅಂತ ಜನ ಹೆದರುತ್ತಾರೆ, ಇಲ್ಲವೇ ಜಾಗಕ್ಕೆ ರೇಟ್ ಬರುತ್ತದೆ ಅಂತ ಕಾಯುತ್ತಾರೆ. ಮಸಣಿಕೆರೆ, ಉಬ್ರಾಣಿ ಕಡೆಯ ಮ್ಯಾಗ್ನೆಟೈಟಿನಲ್ಲಿ ಟೈಟಾನಿಯಂ, ವನಾಡಿಯಂ ಇದೆ ಅನ್ನೋದು ಭೂವಿಜ್ಞಾನಿಗಳಿಗೆ ಹಳೆಯ ಸುದ್ದಿ. ಇದೆ ಅನ್ನೋದು ಬೇರೆ, ತೆಗೆದರೆ ಗಿಟ್ಟುತ್ತದೆ ಅನ್ನೋದು ಬೇರೆ.

ಎರಡು ಕಬ್ಬಿಣದ ಬೆಟ್ಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸ್ವೀಡನ್ನಿನ ಕಿರುನಾ ಆರ್ಕ್ಟಿಕ್ ವೃತ್ತದ ಒಳಗಿದೆ. ಅಲ್ಲಿ ಅದಿರಿದೆ ಅನ್ನೋದು 1600ರ ದಶಕಗಳ ಕೊನೆಯ ಹೊತ್ತಿಗೇ ತಿಳಿದಿತ್ತು. ಅದಿರೂ ಒಳ್ಳೆಯದೇ, ನೂರಕ್ಕೆ 60ರಷ್ಟು ಕಬ್ಬಿಣ. ಆದರೂ 200 ವರ್ಷ ಯಾರೂ ದೊಡ್ಡದಾಗಿ ಕೈ ಹಾಕಲಿಲ್ಲ. ಅದರಲ್ಲಿ ರಂಜಕ ಇತ್ತು, ರಂಜಕ ಸೇರಿದ ಉಕ್ಕು ಪೆಡಸಾಗಿ ಮುರಿಯುತ್ತದೆ. 1878ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕುಲುಮೆಗೆ ಸುಣ್ಣದ ಅಂಶದ ಒಳಪದರ ಕೊಟ್ಟು ರಂಜಕ ತೆಗೆಯುವ ವಿಧಾನ ಬಂತು. 1890ರಲ್ಲಿ ಕಿರುನಾ ಗಣಿ ನಡೆಸುವ ಎಲ್‌ಕೆಎಬಿ ಕಂಪನಿ ಹುಟ್ಟಿತು. ನಾರ್ವೆಯ ನಾರ್ವಿಕ್ ಬಂದರಿಗೆ ರೈಲು ಬಂದಿದ್ದು ಅದಾದ ಒಂದು ದಶಕದ ಮೇಲೆ.

ಇತ್ತ ಕುದುರೆಮುಖದ ಅದಿರನ್ನು 1913ರಲ್ಲಿ ಗುರುತಿಸಿದ್ದು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಅಲ್ಲಿ ಕಬ್ಬಿಣ ನೂರಕ್ಕೆ 40ನ್ನೂ ಮುಟ್ಟುವುದಿಲ್ಲ. ಮ್ಯಾಗ್ನೆಟೈಟ್ ಒಂದು ಗೆರೆ, ಸಿಲಿಕಾ ಒಂದು ಗೆರೆ, ಹೀಗೆ ಪಟ್ಟೆಪಟ್ಟೆ. 250 ಕೋಟಿ ವರ್ಷಕ್ಕೂ ಹಿಂದೆ, ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲಿ, ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಆದ ಪಟ್ಟೆಗಳು. ಅದನ್ನು ಅರೆದು, ಕಬ್ಬಿಣ ಬೇರೆ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಮುಟ್ಟಿಸುವ ಯೋಜನೆ ರೂಪುಗೊಳ್ಳಲು 60 ವರ್ಷ ಬೇಕಾಯಿತು. ದುಡ್ಡು ಇರಾನಿನ ದೊರೆಯದ್ದು, ಅದಿರೂ ಇರಾನಿಗೇ. 1976ರಲ್ಲಿ ಕಂಪನಿ ಶುರುವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ದೊರೆಯೇ ದೇಶ ಬಿಟ್ಟ. ತಯಾರಾದ ಮಾಲಿಗೆ ಬೇರೆ ಗಿರಾಕಿ ಹುಡುಕಬೇಕಾಯಿತು.

ನಮಗೆ ಹತ್ತಿರದ ಭದ್ರಾವತಿಯದು ಬೇರೆಯೇ ದಾರಿ. ಕೆಮ್ಮಣ್ಣುಗುಂಡಿಯಲ್ಲಿ ಮಳೆಯೇ ಅರ್ಧ ಕೆಲಸ ಮುಗಿಸಿತ್ತು. ಅಂಥದೇ ಪಟ್ಟೆಬಂಡೆಯಿಂದ ಸಿಲಿಕಾವನ್ನು ತೊಳೆದು ಹಾಕಿ, ಕಬ್ಬಿಣ ಜಾಸ್ತಿ ಇರುವ ಅದಿರನ್ನು ಬೆಟ್ಟದ ನೆತ್ತಿಯಲ್ಲೇ ಬಿಟ್ಟಿತ್ತು. ಅದನ್ನು ರೋಪ್‌ವೇಯಲ್ಲಿ ಕೆಳಗಿಳಿಸಿ ಭದ್ರಾವತಿಗೆ ತಂದರು. 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲು ಇಲ್ಲದ ಊರು, ಹಾಗಾಗಿ ಉರಿದಿದ್ದು ಮಲೆನಾಡಿನ ಮರದ ಇದ್ದಿಲು. ಜೋಗದ ಕರೆಂಟಿನಲ್ಲಿ ನಡೆಯುವ ಕುಲುಮೆ ಬಂದಿದ್ದು ಆಮೇಲೆ. ಗಣಿ ಅಂದಾಗ ನಾವು ಗುಂಡಿಯನ್ನು ಮಾತ್ರ ನೋಡುತ್ತೇವೆ, ಒಲೆಗೆ ಹೋದ ಕಾಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕುದುರೆಮುಖದಲ್ಲಿ ಲೆಕ್ಕ ತಪ್ಪಿದ್ದು ಮಳೆಯಿಂದ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ಮರಗಿಡ ತೆಗೆದು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡದ ಮೇಲೆ ಮುಂಗಾರು ಸುರಿದರೆ ಹೂಳು ಎಲ್ಲಿಗೆ ಹೋಗಬೇಕು? ಅದಿರು ತೆಗೆದ ಮೇಲೆ ಉಳಿದ ಕೆಸರನ್ನು ಲಖ್ಯಾ ಅಣೆಕಟ್ಟಿನ ಹಿಂದೆ ತಡೆದಿದ್ದರು. ಗಣಿಯ ಮೈಯಿಂದ ಇಳಿದ ಮಣ್ಣು ಭದ್ರೆಯ ಪಾಲಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ನನ್ನ ಪ್ರಕಾರ ಆ ತೀರ್ಪು ಸರಿ. ಅಲ್ಲೇ ಹುಟ್ಟಿ ಬೆಳೆದು, ಕೆಲಸ ಕಳೆದುಕೊಂಡು ಟೌನ್‌ಶಿಪ್ ಬಿಟ್ಟು ಹೋದವರ ಎದುರು ಅದನ್ನು ಅಷ್ಟು ಸಲೀಸಾಗಿ ಹೇಳೋಕಾಗಲ್ಲ, ನಿಜ.

ಕಿರುನಾದಲ್ಲಿ ಗಣಿ ನಿಲ್ಲಿಸುವ ಬದಲು ಊರನ್ನೇ ಸರಿಸುತ್ತಿದ್ದಾರೆ. ಅದಿರಿನ ಹಾಸು ಓರೆಯಾಗಿ ಊರಿನ ಅಡಿಗೆ ಇಳಿದಿದೆ, ತೆಗೆದ ಹಾಗೆ ಮೇಲಿನ ನೆಲ ಕುಸಿಯುತ್ತದೆ. 1912ರ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಇಡಿಯಾಗಿ ಗಾಡಿಯ ಮೇಲೆ ಕೂರಿಸಿ 5 ಕಿಲೋಮೀಟರ್ ದೂರಕ್ಕೆ ಒಯ್ದರು. ತೂಕ 672 ಟನ್. ಅಲ್ಲೂ ಎಲ್ಲರೂ ಚಪ್ಪಾಳೆ ತಟ್ಟುತ್ತಿಲ್ಲ. ಆ ನೆಲದಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನ ಗಣಿ ಬೆಳೆದಷ್ಟೂ ತಮ್ಮ ಹಿಂಡಿನ ದಾರಿ ಕಟ್ಟಾಗುತ್ತದೆ ಅಂತ ಜಗಳ ಆಡುತ್ತಲೇ ಇದ್ದಾರೆ.

ಇನ್ನೊಂದು ವಿಷಯ. ಫಿನ್ಲೆಂಡಿನಲ್ಲಿ ಸಾಮಾನ್ಯ ಜನ ತಮಗೆ ಸಿಕ್ಕ ವಿಚಿತ್ರ ಕಲ್ಲುಗಳನ್ನು ಅಲ್ಲಿನ ಭೂವಿಜ್ಞಾನ ಸಂಸ್ಥೆಗೆ ಕಳಿಸುವ ರೂಢಿ ಇದೆ. ನಮ್ಮಲ್ಲಿ ತೋಟದ ಅಗಳ ತೆಗೆಯುವಾಗ ಭಾರದ ಕಪ್ಪು ಕಲ್ಲು ಸಿಕ್ಕರೆ ಮನೆಯಲ್ಲೇ ಸ್ವಲ್ಪ ಪರೀಕ್ಷೆ ಮಾಡಬಹುದು. ಟೈಲ್ಸಿನ ಹಿಂಬದಿ, ಹೊಳಪಿಲ್ಲದ ಕಡೆ, ಕಲ್ಲನ್ನು ಗೀರಿ ನೋಡಿ. ಗೆರೆ ಕೆಂಪುಗಂದು ಬಂದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರು, ಹಳದಿಗಂದು ಬಂದರೆ ಗೋಥೈಟ್, ಅಂದರೆ ಹೆಚ್ಚಾಗಿ ಜಂಬಿಟ್ಟಿಗೆಯ ಚೂರು. ಗೆರೆ ಕಪ್ಪು ಬಂದು, ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ಕಚ್ಚಿಕೊಂಡರೆ ಮ್ಯಾಗ್ನೆಟೈಟ್. ಕಚ್ಚಿಕೊಳ್ಳದೆ ಕೈಗೆಲ್ಲ ಮಸಿ ಮೆತ್ತಿದರೆ ಮ್ಯಾಂಗನೀಸ್ ಇರಬಹುದು. ಕುಂಸಿ ಕಡೆ ಅದರ ಗಣಿಗಳೇ ಇದ್ದವು. ಹಳದಿಯಾಗಿ ಹೊಳೆಯುವ ಕಣ ಕಂಡರೆ ಸುತ್ತಿಗೆಯಲ್ಲಿ ಒಂದು ಏಟು ಕೊಡಿ. ಚಿನ್ನ ಚಪ್ಪಟೆಯಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಬಹುಪಾಲು ಸಲ ಪುಡಿಯೇ ಆಗುತ್ತದೆ.