ಸಿ++ ಗೆದ್ದಿತು, ಅದರ ಡೇಟಾಬೇಸ್ ಗೆಲ್ಲಲಿಲ್ಲ

ಆಬ್ಜೆಕ್ಟ್ ಡಿಸೈನ್, ವರ್ಸಂಟ್. 1988ರಲ್ಲಿ ಹುಟ್ಟಿದ ಈ ಎರಡೂ ಆಬ್ಜೆಕ್ಟ್ ಡೇಟಾಬೇಸ್ ಕಂಪನಿಗಳು 1996ರಲ್ಲಿ ನಾಸ್ಡಾಕ್ ಷೇರುಪೇಟೆಗೆ ಬಂದವು. ಪ್ರೋಗ್ರಾಮ್ ಬಳಸುವ ಆಬ್ಜೆಕ್ಟ್‌ಗಳನ್ನು, ಅಂದರೆ ದತ್ತಾಂಶದ ಕಟ್ಟುಗಳನ್ನು, ಟೇಬಲ್‌ಗಳಾಗಿ ಒಡೆಯದೆ ಇದ್ದ ಹಾಗೇ ಕಾದಿಡುವುದು ಆಬ್ಜೆಕ್ಟ್ ಡೇಟಾಬೇಸ್. ಹೂಡಿಕೆದಾರರ ಲೆಕ್ಕ ಹೀಗಿತ್ತು: ಪ್ರೋಗ್ರಾಮರ್‌ಗಳು ಆಬ್ಜೆಕ್ಟ್‌ಗಳ ಭಾಷೆಯಾದ ಸಿ++ ಹಿಡಿದಿದ್ದಾರೆ, ಜಾವಾ ಬೇರೆ ಬಂದಿದೆ, ಭಾಷೆಯೇ ಬದಲಾದ ಮೇಲೆ ಟೇಬಲ್‌ಗಳ ಡೇಟಾಬೇಸ್ ಎಷ್ಟು ದಿನ ಉಳಿದೀತು?

ಈ ನಂಬಿಕೆಗೆ ಗಟ್ಟಿ ಆಧಾರವೇ ಇತ್ತು. ಆ ಕಾಲದ ಓಓ1 ಎಂಬ ವೇಗಪರೀಕ್ಷೆಯನ್ನು ನೋಡಿ. ಡೇಟಾಬೇಸ್‌ನಲ್ಲಿ 20,000 ಬಿಡಿಭಾಗಗಳು, ಪ್ರತಿಯೊಂದರಿಂದ ಬೇರೆ ಮೂರಕ್ಕೆ ಕೊಂಡಿ. ಒಂದರಿಂದ ಹೊರಟು ಏಳು ಹಂತ ಇಳಿದರೆ 3,280 ಭೇಟಿಗಳಾಗುತ್ತವೆ. ರಿಲೇಷನಲ್, ಅಂದರೆ ಟೇಬಲ್‌ಗಳ, ಡೇಟಾಬೇಸ್‌ನಲ್ಲಿ ಪ್ರತಿ ಹಂತಕ್ಕೂ ಇಂಡೆಕ್ಸ್ ಹುಡುಕಾಟ ಅಥವಾ ಜಾಯಿನ್ (ಟೇಬಲ್‌ಗಳ ಜೋಡಣೆ), ಮೇಲೆ ಸರ್ವರ್‌ಗೆ ಓಡಾಟ. ಆಬ್ಜೆಕ್ಟ್ ಡಿಸೈನ್‌ನ ಆಬ್ಜೆಕ್ಟ್‌ಸ್ಟೋರ್ ಹಾಗಲ್ಲ. ಮೊದಲ ಸಲ ಮುಟ್ಟಿದಾಗ ಪೇಜ್ ಫಾಲ್ಟ್ (ಬೇಕಾದ ಪೇಜ್ ಮೆಮೊರಿಯಲ್ಲಿಲ್ಲ ಎಂಬ ಸೂಚನೆ) ಆಗಿ ಆ ಪೇಜ್, ಅಂದರೆ ಅಕ್ಕಪಕ್ಕದ ದತ್ತಾಂಶದ ತುಂಡು, ಪೂರ್ತಿ ಪ್ರೋಗ್ರಾಮ್‌ನ ಮೆಮೊರಿಗೆ ಬರುತ್ತದೆ. ಆಮೇಲೆ ಮಾಮೂಲಿ ಪಾಯಿಂಟರ್ (ಮೆಮೊರಿಯ ವಿಳಾಸ) ಹಿಡಿದು ಹೋದಷ್ಟೇ ಖರ್ಚು. ಕ್ಯಾಡ್ (ಕಂಪ್ಯೂಟರ್ ನೆರವಿನ ವಿನ್ಯಾಸ) ಮತ್ತು ಟೆಲಿಕಾಂ ಜಾಲ ನಿರ್ವಹಣೆಯವರು ಇದನ್ನು ಕೊಂಡದ್ದು ಇದಕ್ಕೇ.

ತೊಡಕು ಹುಟ್ಟಿದ್ದೂ ಅಲ್ಲಿಂದಲೇ. ಪೇಜ್ ಪ್ರೋಗ್ರಾಮ್‌ನ ಮೆಮೊರಿಯಲ್ಲೇ ಕೂತಿದ್ದರೆ ದಾರಿತಪ್ಪಿದ ಒಂದು ಪಾಯಿಂಟರ್ ದತ್ತಾಂಶವನ್ನೇ ಕೆಡಿಸಬಹುದು. ಒಬ್ಬರು ಬಳಸುವಾಗ ಇನ್ನೊಬ್ಬರನ್ನು ತಡೆಯುವ ಲಾಕ್ ಬೀಳುವುದು ಇಡೀ ಪೇಜಿಗೆ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಬ್ಜೆಕ್ಟ್‌ಗಳು ಒಂದೇ ಪೇಜಿನಲ್ಲಿದ್ದರೆ ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರು ಕಾಯಬೇಕು. ಕ್ಲಾಸಿಗೆ (ಆಬ್ಜೆಕ್ಟ್‌ಗಳ ಅಚ್ಚಿಗೆ) ಒಂದು ಫೀಲ್ಡ್ ಸೇರಿಸಿದರೆ ಹಳೆಯ ಆಬ್ಜೆಕ್ಟ್‌ಗಳನ್ನೆಲ್ಲ ಹೊಸ ರೂಪಕ್ಕೆ ತರಬೇಕು, ಅದನ್ನು ಬಳಸುವ ಪ್ರೋಗ್ರಾಮ್‌ಗಳನ್ನು ಮತ್ತೆ ಕಂಪೈಲ್ ಮಾಡಬೇಕು.

ಇವೆಲ್ಲಕ್ಕಿಂತ ದೊಡ್ಡ ಏಟು ಕೊಟ್ಟದ್ದು ದತ್ತಾಂಶದಿಂದ ವರದಿ ತೆಗೆಯುವ ಕೆಲಸ. ದತ್ತಾಂಶ ಅದನ್ನು ಸೃಷ್ಟಿಸಿದ ಪ್ರೋಗ್ರಾಮ್‌ಗಿಂತ ಹೆಚ್ಚು ಕಾಲ ಬಾಳುತ್ತದೆ, ಯಾರೂ ಮೊದಲೇ ಊಹಿಸದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಲೆಕ್ಕಪತ್ರ ವಿಭಾಗದವರು ಟೇಬಲ್‌ಗಳ ಪ್ರಶ್ನಾಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ನಾಲ್ಕು ಸಾಲು ಬರೆದು ಪಡೆಯುತ್ತಿದ್ದ ಉತ್ತರಕ್ಕೆ ಇಲ್ಲಿ ಎಷ್ಟೋ ಸಲ ಸಿ++ ಬಲ್ಲವರೇ ಬೇಕಾಗುತ್ತಿದ್ದರು. ಆಬ್ಜೆಕ್ಟ್ ಡೇಟಾಬೇಸ್ ಕಂಪನಿಗಳ ಓಡಿಎಂಜಿ ಗುಂಪು 1993ರಲ್ಲಿ ಓಕ್ಯುಎಲ್ ಎಂಬ ಪ್ರಶ್ನಾಭಾಷೆ ಸೇರಿದ ಮಾನದಂಡ ತಂದಿತು. ಕಂಪನಿಗಳು ಅದನ್ನು ತಮಗೆ ಬೇಕಾದಷ್ಟೇ ಅಳವಡಿಸಿಕೊಂಡವು. 2001ರಲ್ಲಿ ಗುಂಪೇ ಮುಚ್ಚಿತು.

ಹೂಡಿಕೆದಾರರು ಬೆಳವಣಿಗೆಯ ಶೇಕಡಾವಾರು ನೋಡಿದರು, ಬುನಾದಿ ಎಷ್ಟು ಚಿಕ್ಕದೆಂದು ನೋಡಲಿಲ್ಲ ಎಂಬುದು ನಮ್ಮ ಅಂದಾಜು. 1996ರ ಮೇಗೆ ಮುಗಿದ ಹಣಕಾಸು ವರ್ಷದಲ್ಲಿ ರಿಲೇಷನಲ್ ಡೇಟಾಬೇಸ್ ಮಾರುವ ಒರಾಕಲ್ ಒಂದರದ್ದೇ ವರಮಾನ 400 ಕೋಟಿ ಡಾಲರ್ ಮೀರಿತ್ತು. ಅಂಥವರು ಸುಮ್ಮನೆ ಕೂರಲೂ ಇಲ್ಲ. ಇನ್ನೊಂದು ರಿಲೇಷನಲ್ ಕಂಪನಿ ಇನ್‌ಫಾರ್ಮಿಕ್ಸ್ ಆ ಹೊತ್ತಿಗಾಗಲೇ ಸುಮಾರು 40 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಟೇಬಲ್‌ಗಳಿಗೆ ಆಬ್ಜೆಕ್ಟ್ ಗುಣ ಸೇರಿಸಿದ ಡೇಟಾಬೇಸ್‌ನ ಕಂಪನಿ ಇಲ್ಲಸ್ಟ್ರಾವನ್ನು ಕೊಂಡಾಗಿತ್ತು. ಒರಾಕಲ್ 1997ರಲ್ಲಿ ತನ್ನ 8ನೇ ಆವೃತ್ತಿಗೆ ಆಬ್ಜೆಕ್ಟ್ ಟೈಪ್‌ಗಳನ್ನು ಸೇರಿಸಿತು. 2001ರಲ್ಲಿ ಶುರುವಾದ ಹೈಬರ್ನೇಟ್ ಎಂಬ ತಂತ್ರಾಂಶ ಜಾವಾ ಆಬ್ಜೆಕ್ಟ್‌ಗಳನ್ನು ಟೇಬಲ್‌ಗಳಿಗೆ ಹೊಂದಿಸುವ ಚಾಕರಿಯನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿತು. ಆಬ್ಜೆಕ್ಟ್ ಡೇಟಾಬೇಸ್ ಕೊಳ್ಳಲು ಬಹುಪಾಲು ಗಿರಾಕಿಗಳಿಗಿದ್ದ ಕಾರಣವೇ ಅಲ್ಲಿಗೆ ಹೋಯಿತು.

ಆಬ್ಜೆಕ್ಟ್ ಡಿಸೈನ್ ಎಕ್ಸೆಲಾನ್ ಎಂದು ಹೆಸರು ಬದಲಿಸಿ ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ಎಕ್ಸ್‌ಎಂಎಲ್ ಕಡೆ ಹೊರಳಿತು. 2002ರಲ್ಲಿ ಪ್ರೋಗ್ರೆಸ್ ಸಾಫ್ಟ್‌ವೇರ್ ಅದನ್ನು ಸುಮಾರು 2.4 ಕೋಟಿ ಡಾಲರ್‌ಗೆ ಕೊಂಡಿತು. ವರ್ಸಂಟ್ ಹತ್ತು ವರ್ಷ ಹೆಚ್ಚು ಬಾಳಿತು. 2012ರ ಡಿಸೆಂಬರ್‌ನಲ್ಲಿ ಆಕ್ಟಿಯನ್ ಅದಕ್ಕೆ ಕೊಟ್ಟದ್ದು ಸುಮಾರು 3.7 ಕೋಟಿ ಡಾಲರ್.