ಬಟವಾಡೆ ನೋಡಿ ಪೋಷಕರ ಸಭೆ ಕರೆಯಿರಿ

ಹಾಸನ ಜಿಲ್ಲೆಯಲ್ಲಿ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಯಾವ ಕ್ಲಸ್ಟರ್ ಸಭೆಗೆ ಹೋದರೂ ಟೀ ಬರುವುದರೊಳಗೆ ಈ ಮಾತು ಬಂದೇ ಬರುತ್ತದೆ: "ನಮ್ಮೂರಿನ ಪೋಷಕರಿಗೆ ಮಕ್ಕಳ ಓದಿನ ಮೇಲೆ ಕಾಳಜಿಯೇ ಇಲ್ಲ ಸಾರ್. ಸಭೆ ಕರೆದರೆ ನಾಲ್ಕು ಜನ ಬರಲ್ಲ." ಬಯಲುಸೀಮೆ ಕಡೆಯೂ ಮಲೆನಾಡು ಕಡೆಯೂ ಮುಖ್ಯ ಶಿಕ್ಷಕನಾಗಿ ಕೆಲಸ ಮಾಡಿದ ನನಗೆ ಈ ಮಾತು ಒಪ್ಪಿಗೆಯಿಲ್ಲ. ಬಹಳ ಕಡೆ ಎಡವಟ್ಟಾಗಿರುವುದು ತಾರೀಖಿನಲ್ಲಿ. ತಾರೀಖು ಸರಿಯಿದ್ದರೆ ಕರೆದ ಕಾರಣದಲ್ಲಿ.

ನಮ್ಮದು ಒಂದೇ ಜಿಲ್ಲೆಯಾದರೂ ಕೆಲಸದ ಕಾಲ ಎಲ್ಲ ಕಡೆ ಒಂದೇ ಅಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ದನಕ್ಕೆ ಮೇವು ತಂದ ಮೇಲೆ ಹೆಂಗಸರಿಗೆ ಹನ್ನೊಂದರ ಸುಮಾರಿಗೆ ಸ್ವಲ್ಪ ಬಿಡುವು. ಸಂಜೆ ಹಾಲು ಕರೆಯುವ ಹೊತ್ತಿಗೆ ಸಭೆ ಇಟ್ಟರೆ ಯಾರು ಬರುತ್ತಾರೆ? ಅರಕಲಗೂಡು, ರಾಮನಾಥಪುರದ ಹೊಗೆಸೊಪ್ಪಿನ ಊರುಗಳಲ್ಲಿ ಮಳೆಗಾಲದ ನಡುವೆ ಬ್ಯಾರನ್ (ಸೊಪ್ಪು ಬೇಯಿಸಿ ಒಣಗಿಸುವ ಮನೆ) ಹೊತ್ತಿಸಿದರೆ ರಾತ್ರಿಯಿಡೀ ಉರಿ ಕಾಯಬೇಕು. ಹಗಲು ಸೊಪ್ಪು ಮುರಿದು, ಕಡ್ಡಿಗೆ ಕಟ್ಟಬೇಕು. ಆ ದಿನಗಳಲ್ಲಿ ಮಕ್ಕಳೇ ಶಾಲೆಗೆ ತೂಕಡಿಸುತ್ತ ಬರುತ್ತಾರೆ, ಅಪ್ಪ ಅಮ್ಮನ ಮಾತು ಹೇಳುವುದೇ ಬೇಡ. ಸಕಲೇಶಪುರದ ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಲ್ಲಿ ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದಂತೆ ರೊಬಸ್ಟಾ. ಹಣ್ಣು ಕೊಯ್ಯುವವರಿಗೆ ಸಾಮಾನ್ಯವಾಗಿ ಕೆ.ಜಿ. ಲೆಕ್ಕದ ಕೂಲಿ. ನಾವು "ಅರ್ಧ ಗಂಟೆ ಬಂದು ಹೋಗಿ" ಎನ್ನುತ್ತೇವೆ. ತೋಟದಿಂದ ಶಾಲೆಗೆ ನಡೆದು ಬಂದು, ಕಾದು, ವಾಪಸ್ ಹೋಗುವಷ್ಟರಲ್ಲಿ ಅರ್ಧ ದಿನದ ಹಣ್ಣು ಗಿಡದಲ್ಲೇ ಉಳಿದಿರುತ್ತದೆ. ಸಂಬಳ ಕಡಿತವಾಗದ ನಾವು ಇದನ್ನು ಅಸಡ್ಡೆ ಅಂತ ಕರೆಯುವುದು ನ್ಯಾಯವಲ್ಲ.

ಮೇಲಿನಿಂದ ಬರುವ ಸುತ್ತೋಲೆಗೆ ಇದೆಲ್ಲ ಗೊತ್ತಿರುವುದಿಲ್ಲ. ಸುತ್ತೋಲೆ ಹೇಳಿದ ದಿನ ಒಂದು ಸಭೆ ಮಾಡಿ, ಫೋಟೊ ಕಳಿಸಿ. ನಿಜವಾದ ಸಭೆಯನ್ನು ಬೇರೆ ದಿನ ಇಟ್ಟುಕೊಳ್ಳಿ. ಮಲೆನಾಡಿನ ತೋಟಗಳ ಕಡೆ ನನ್ನ ಅನುಭವದಲ್ಲಿ ಒಗ್ಗುವುದು ಬಟವಾಡೆಯಾದ, ಅಂದರೆ ಕೂಲಿ ಹಣ ಹಂಚಿದ, ಮಾರನೆಯ ದಿನ, ಸಂತೆಗೆಂದು ತೋಟದ ಕೆಲಸಕ್ಕೆ ರಜೆ ಇರುವ ದಿನ. ಸಂತೆಗೆ ಹೊರಟವರು ಬಸ್ಸು ಬರುವ ಮುಂಚೆ ಶಾಲೆಗೆ ಹೊಕ್ಕು ಹೋಗುತ್ತಾರೆ. ಕೈಯಲ್ಲಿ ಕಾಸಿರುತ್ತದೆ, ಒಗೆದ ಬಟ್ಟೆ ಉಟ್ಟಿರುತ್ತಾರೆ. ಬಟ್ಟೆಯ ಮಾತು ಸಣ್ಣದಲ್ಲ. ಕೆಸರುಗಾಲಲ್ಲಿ ಮೇಷ್ಟ್ರ ಮುಂದೆ ನಿಲ್ಲಲು ಎಷ್ಟೋ ತಾಯಂದಿರಿಗೆ ಸಂಕೋಚ.

ಬಂದವರಿಗೆ ಏನು ಹೇಳುತ್ತೇವೆ ಎನ್ನುವುದು ಎರಡನೆಯ ಸಂಗತಿ. "ನಿಮ್ಮ ಮಗ ಓದಲ್ಲ, ಹೋಂವರ್ಕ್ ಮಾಡಲ್ಲ, ಮನೇಲಿ ಸ್ವಲ್ಪ ನೋಡ್ಕೊಳ್ಳಿ." ಓದು ಬಾರದ ತಾಯಿಗೆ ಮನೆಯಲ್ಲಿ ನೋಡಿಕೊಳ್ಳಿ ಅಂದರೆ ಆಕೆ ಏನನ್ನು ನೋಡಬೇಕು? ಮುಂದಿನ ಸಭೆಗೆ ಆಕೆ ಬರುವುದಿಲ್ಲ. ಬೈಸಿಕೊಳ್ಳಲು ಕೂಲಿ ಬಿಟ್ಟು ಬರುವಷ್ಟು ಯಾರೂ ದಡ್ಡರಲ್ಲ.

ನಾವು ಮಾಡುತ್ತಿದ್ದದ್ದು ಇಷ್ಟು. ಭಾಷಣ, ಹಾರ, ಸ್ವಾಗತ ಎಲ್ಲ ಬಿಟ್ಟು, ಪ್ರತಿ ಮಗುವೂ ತನ್ನ ಮನೆಯವರ ಪಕ್ಕ ಚಾಪೆಯ ಮೇಲೆ ಕೂತು, ಆ ತಿಂಗಳು ಕಲಿತದ್ದನ್ನು ಓದಿ ತೋರಿಸಬೇಕು. ಕಾರ್ಡುಗಳಿಂದ ಕಲಿಸುವ ನಲಿಕಲಿ ತರಗತಿಯ ಒಬ್ಬಳು ಪುಟ್ಟ ಹುಡುಗಿ ಅಜ್ಜಿಯ ಮುಂದೆ ಕಾರ್ಡು ಹಿಡಿದು ಬೆರಳಿಟ್ಟು ಓದುತ್ತಿದ್ದಳು. ಕಾಫಿ ಹಣ್ಣಿನ ಕರೆ ಹಿಡಿದು ಕಪ್ಪಾದ ಬೆರಳನ್ನು ಅಜ್ಜಿಯೂ ಮೊಮ್ಮಗಳ ಬೆರಳಿನ ಹಿಂದೆಯೇ ಸಾಲಿನ ಮೇಲೆ ಸರಿಸುತ್ತಿತ್ತು. ಹುಡುಗಿ ಒಂದು ಪದ ಹಾರಿಸಿದಾಗ ಅಜ್ಜಿಯ ಬೆರಳು ಅಲ್ಲೇ ನಿಂತಿತು. "ಇದೇನು ಬಿಟ್ಟೆ?" ಅಜ್ಜಿಗೆ ಅಕ್ಷರ ಬಾರದು, ಆದರೆ ಒಂದು ಬಿಟ್ಟುಹೋದದ್ದು ಕಂಡಿತ್ತು. ಆ ಮೇಲೆ ಮನೆಯಲ್ಲಿ ದಿನಾ ಒಂದು ಕಾರ್ಡು ಓದಿಸಿಕೊಳ್ಳಿ ಅಂದಾಗ ಅಜ್ಜಿ ಏನನ್ನೂ ಕೇಳಲಿಲ್ಲ. ಹೇಗೆ ಅಂತ ಆಗಲೇ ಗೊತ್ತಾಗಿತ್ತು.

ಇನ್ನು ಎಸ್‌ಡಿಎಂಸಿ. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದದ್ದು 2001ರಲ್ಲಿ, ಸರ್ಕಾರದ ಆದೇಶದಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದೂ, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದೂ ಈ ಸಮಿತಿಯ ಕೆಲಸ. ಕಾಗದದಲ್ಲಿ ಅರ್ಧ ಮಹಿಳೆಯರು ಇದ್ದೇ ಇರುತ್ತಾರೆ. ಸಭೆಗೆ ಬರುವುದು ಮಾತ್ರ ಅವರ ಗಂಡಂದಿರು. ನಡಾವಳಿ ಪುಸ್ತಕ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಇದಕ್ಕೆ ಮದ್ದು ಮುಖ್ಯ ಶಿಕ್ಷಕರ ಕೈಯಲ್ಲೇ ಇದೆ, ಏಕೆಂದರೆ ಪುಸ್ತಕ ಇರುವುದು ಅವರ ಹತ್ತಿರ. ಪುಸ್ತಕ ಶಾಲೆಯ ಗೇಟು ದಾಟಬಾರದು. ಸಹಿ ಹಾಕಬೇಕಾದವರು ಬಂದು ಹಾಕಲಿ. ಒಂದೆರಡು ಸಲ ಗಂಡಂದಿರು ಮುಖ ಊದಿಸಿಕೊಳ್ಳುತ್ತಾರೆ, ಆಮೇಲೆ ಸರಿಹೋಗುತ್ತದೆ. ತಾಯಂದಿರು ಬಂದರೆ ಚರ್ಚೆಯೇ ಬೇರೆ. ಕಾಂಪೌಂಡ್ ಗುತ್ತಿಗೆ ಯಾರಿಗೆ ಎಂಬ ಮಾತು ಹಿಂದೆ ಸರಿದು, ಬಿಸಿಯೂಟದ ಬೇಳೆ ಯಾಕೆ ಬೇಯುತ್ತಿಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಯಾಕಿಲ್ಲ ಎಂಬ ಮಾತು ಮುಂದೆ ಬರುತ್ತದೆ.

ದಾನಿಗಳ ಬಗ್ಗೆಯೂ ಹೇಳಬೇಕು, ಸ್ವಲ್ಪ ನಿಷ್ಠುರವಾದರೂ. ತೋಟದ ಮಾಲೀಕರು ಬೆಂಚು ಕೊಡಿಸುತ್ತಾರೆ, ಬಣ್ಣ ಹೊಡೆಸುತ್ತಾರೆ. ಒಳ್ಳೆಯದು, ತೆಗೆದುಕೊಳ್ಳಿ. ಆದರೆ ಅವರನ್ನು ಸಭೆಯ ನಡುವಿನ ಕುರ್ಚಿಯಲ್ಲಿ ಕೂರಿಸಿದ ದಿನ ಅದೇ ತೋಟದ ಲೈನಿನಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ) ಇರುವ ತಂದೆ ತಾಯಿ ಬಾಯಿ ಬಿಡುವುದಿಲ್ಲ. ಧಣಿಯ ಮುಂದೆ ಕೂಲಿಯವನು ಶಾಲೆಯ ಲೋಪ ಹೇಳುವುದುಂಟೆ? ದಾನಿಗಳಿಗೆ ಆಗಸ್ಟ್ 15ರಂದು ಸನ್ಮಾನ ಮಾಡಿ, ಪೋಷಕರ ಸಭೆ ಪೋಷಕರಿಗಿರಲಿ.

ಎಲ್ಲರಿಗಿಂತ ದೂರ ಉಳಿಯುವವರು ಲೈನ್ ಮನೆಗಳಿಗೆ ಹೊಸದಾಗಿ ಬಂದವರು. ಉತ್ತರ ಕರ್ನಾಟಕದಿಂದ ಕೊಯ್ಲಿಗೆ ಬರುತ್ತಾರೆ, ಈಚೆಗೆ ಅಸ್ಸಾಮಿನಿಂದಲೂ. ಜೊತೆಗೆ ಬಂದ ಮಕ್ಕಳಲ್ಲಿ ದೊಡ್ಡದು ಚಿಕ್ಕದನ್ನು ಎತ್ತಿಕೊಂಡು ಲೈನಿನಲ್ಲೇ ಉಳಿಯುತ್ತದೆ. "ಟಿಸಿ ತನ್ನಿ, ಆಮೇಲೆ ನೋಡೋಣ" ಅಂತ ವಾಪಸ್ ಕಳಿಸುವ ಶಾಲೆಗಳು ಇವತ್ತಿಗೂ ಇವೆ. ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿದೆ: ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ತಡಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದೆ ಕಳಿಸುವಂತಿಲ್ಲ, ಅದು 14ನೇ ಸೆಕ್ಷನ್. ಮೊದಲು ಮಗುವನ್ನು ತರಗತಿಯಲ್ಲಿ ಕೂರಿಸಿ, ಊಟ ಹಾಕಿ. ಕಾಗದಕ್ಕೆ ನೀವೇ ಹಿಂದಿನ ಶಾಲೆಗೆ ಫೋನು ಮಾಡಿ. ಈ ಕುಟುಂಬಗಳನ್ನು ಶಾಲೆಗೆ ಕರೆದರೆ ಬರುವುದಿಲ್ಲ, ನಾವೇ ಲೈನಿಗೆ ಹೋಗಬೇಕು. ಹೋಗುವಾಗ ತೋಟದ ಲೆಕ್ಕ ಬರೆಯುವ ರೈಟರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಹಾಜರಿ ಹಾಕುವವನು ಪಕ್ಕದಲ್ಲಿ ನಿಂತರೆ ಎಲ್ಲರೂ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಶಾಲೆಯ ಅಡುಗೆಯವರು ಜೊತೆಗಿದ್ದರೆ ಮಾತು ಬೇಗ ಹತ್ತುತ್ತದೆ.

ವಾಟ್ಸ್ಆ್ಯಪ್ ಗುಂಪಿನಿಂದ ಎಲ್ಲ ಆಗುತ್ತದೆ ಎನ್ನುವವರೂ ಇದ್ದಾರೆ. ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ, ಫೋನು ಇರುವುದು ಅಪ್ಪನ ಜೇಬಿನಲ್ಲಿ. ಮಳೆಗೆ ರಜೆ ಘೋಷಣೆಯಾದಾಗ ತಿಳಿಸಲು ಅದು ಸಾಕು, ಅಷ್ಟೇ.

ನಾನು ಕಂಡಂತೆ ಜನ ತಾವಾಗಿ ಶಾಲೆಗೆ ಬಂದು ಗಂಟೆಗಟ್ಟಲೆ ಕೂತದ್ದು ಆನೆಯ ವಿಷಯಕ್ಕೆ. ಆಲೂರು, ಸಕಲೇಶಪುರದ ಮಕ್ಕಳು ಕಾಫಿ ತೋಟದ ನಡುವಿನ ದಾರಿಯಲ್ಲಿ ನಡೆದು ಬರಬೇಕು, ಮಂಜು ಬಿದ್ದ ಬೆಳಿಗ್ಗೆ ಹತ್ತು ಮಾರು ಆಚೆಯದು ಕಾಣುವುದಿಲ್ಲ. ಆ ಸಭೆಗೆ ನೋಟಿಸನ್ನೂ ಕಳಿಸಿರಲಿಲ್ಲ. ಯಾವ ದಾರಿಯ ಮಕ್ಕಳನ್ನು ಯಾರು ಕರೆತರಬೇಕು, ಆನೆ ಹತ್ತಿರ ಇದೆ ಎಂಬ ಅರಣ್ಯ ಇಲಾಖೆಯ ಎಸ್‌ಎಂಎಸ್ ಯಾರ ಫೋನಿಗೆ ಬರುತ್ತದೆ, ಬಂದರೆ ಯಾರ ಮನೆಗೆ ಮೊದಲು ಕೂಗಬೇಕು ಎಂದು ಅವರೇ ಕೂತು ಹಂಚಿಕೊಂಡರು. ಎರಡು ಪಕ್ಷವಾಗಿ ಮಾತು ಬಿಟ್ಟಿದ್ದ ಮನೆಗಳೂ ಆ ಪಟ್ಟಿಯಲ್ಲಿ ಒಟ್ಟಿಗೆ ಬಂದವು. ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ, ಅದೇ ಕೂಟದಲ್ಲಿ, ಮೂರನೇ ತರಗತಿಯ ಗಣಿತದ ಮಾತು ತೆಗೆದೆ. ಯಾರೂ ಎದ್ದು ಹೋಗಲಿಲ್ಲ.