ಖಾಕಿಯೊಳಗಿನ ಮಣ್ಣು

ಖಾಕಿ ಅಂದರೆ ನಮಗೆ ಬಣ್ಣವೂ ಹೌದು, ಪ್ಯಾಂಟಿನ ಬಟ್ಟೆಯೂ ಹೌದು. ಕಲಬುರಗಿಯಲ್ಲಿ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಓಣಿಗಳ ಉರ್ದುವಿನಲ್ಲಿ ಖಾಕ್ ಅಂದರೆ ಮಣ್ಣು, ಧೂಳು. ಮೂಲ ಫಾರ್ಸಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗಿನಿಂದ ಈ ಊರಿಗೆ ಫಾರ್ಸಿ ಪರಿಚಯ. ಬಟ್ಟೆಗೆ ಆ ಹೆಸರು ಅಂಟಿದ್ದು ಮಾತ್ರ ಬಹಳ ದೂರದಲ್ಲಿ, ಪೇಶಾವರದ ಕಡೆ.

1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿ ಗೈಡ್ಸ್ ಪಡೆ ಕಟ್ಟಿದ. ಬ್ರಿಟಿಷ್ ಸೈನಿಕರ ಕೆಂಪು ಕೋಟು ಆ ಧೂಳಿನ ಗುಡ್ಡಗಳಲ್ಲಿ ದೂರದಿಂದಲೇ ಎದ್ದು ಕಾಣುತ್ತಿತ್ತು. ಅದಕ್ಕೇ ಅವನ ಪಡೆಗೆ ಮಣ್ಣಿನ ಬಣ್ಣದ ಬಟ್ಟೆ ಬಂತು. ಮೊದಮೊದಲ ಬಣ್ಣಗಳು ಒಗೆತಕ್ಕೆ, ಬಿಸಿಲಿಗೆ ಮಾಸುತ್ತಿದ್ದವು.

ಗಟ್ಟಿ ಬಣ್ಣ ಸಿಕ್ಕಿದ್ದು 19ನೇ ಶತಮಾನದ ಕೊನೆಗೆ. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಹತ್ತಿ ಬಟ್ಟೆಯನ್ನು ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಆಮೇಲೆ ಬಿಸಿ ಕ್ಷಾರದಲ್ಲಿ ಹಾಯಿಸುತ್ತಿದ್ದರು. ಆಗ ನೀರಿನಲ್ಲಿ ಕರಗದ ಆಕ್ಸೈಡ್‌ಗಳು ಹುಟ್ಟಿ ಹತ್ತಿಯ ಎಳೆಯೊಳಗೇ ಕೂತುಬಿಡುತ್ತವೆ. ಕಬ್ಬಿಣದ್ದು ಕಂದು, ಕ್ರೋಮಿಯಂನದ್ದು ಹಸಿರು, ಎರಡೂ ಬೆರೆತರೆ ಖಾಕಿ. ಗಿಡಮೂಲದ ಬಣ್ಣದ ಅಣುಗಳನ್ನು ಬಿಸಿಲು ಒಡೆಯುತ್ತದೆ, ಆಕ್ಸೈಡನ್ನು ಒಡೆಯಲಾರದು. ಬೀದರ್ ಕೋಟೆಯ ಜಂಬಿಟ್ಟಿಗೆ ಕಲ್ಲು ಕೆಂಪಾಗಿರುವುದೂ ಕಬ್ಬಿಣದ ಆಕ್ಸೈಡ್‌ನಿಂದಲೇ. ಇಷ್ಟು ಶತಮಾನಗಳ ಬಿಸಿಲಿಗೂ ಅದು ಮಾಸಿಲ್ಲ, ಅಲ್ವಾ? ಮಣ್ಣಿನ ಹೆಸರು ಹೊತ್ತ ಬಟ್ಟೆಯೊಳಗೆ ಕೊನೆಗೆ ಮಣ್ಣಿನ ಬಣ್ಣವೇ ಸೇರಿತು.

ಆದರೆ ಬಾಳಿಕೆಗೆ ಬಣ್ಣ ಸಾಲದು, ನೇಯ್ಗೆಯೂ ಬೇಕು. ಖಾಕಿ ಪ್ಯಾಂಟಿಗೆ ಹೆಚ್ಚಾಗಿ ಬಳಸಿದ್ದು ಡ್ರಿಲ್ ಎಂಬ ನೇಯ್ಗೆಯ ಬಟ್ಟೆ. ಈ ಹೆಸರಿನ ಲ್ಯಾಟಿನ್ ಮೂಲಕ್ಕೆ ಮೂರೆಳೆ ಎಂಬ ಅರ್ಥವಿದೆ. ಹಾಸಿನ, ಅಂದರೆ ಉದ್ದುದ್ದದ ದಾರ ಹೊಕ್ಕಿನ, ಅಂದರೆ ಅಡ್ಡಡ್ಡದ ಎರಡು ದಾರಗಳ ಮೇಲೆ ಹೋಗಿ ಒಂದರ ಕೆಳಗೆ ಇಳಿಯುತ್ತದೆ. ಪ್ರತಿ ಸಾಲಿನಲ್ಲೂ ಈ ಜಾಗ ಒಂದು ದಾರದಷ್ಟು ಸರಿಯುತ್ತದೆ. ಬಟ್ಟೆಯ ಮೇಲೆ ಓರೆ ಗೆರೆ ಮೂಡುವುದು ಹೀಗೆ. ಸಾದಾ ನೇಯ್ಗೆಗಿಂತ ದಾರಗಳು ಹೆಣೆದುಕೊಳ್ಳುವುದು ಕಡಿಮೆ. ಹಾಗಾಗಿ ಒತ್ತೊತ್ತಾಗಿ ಜಾಸ್ತಿ ದಾರ ಕೂರಿಸಬಹುದು. ಬಟ್ಟೆ ದಪ್ಪವಾಗುತ್ತದೆ, ಮೊಣಕಾಲಲ್ಲಿ ಬೇಗ ಸವೆಯುವುದಿಲ್ಲ.

ಈಗ ಸಿಗುವ ಖಾಕಿಯಲ್ಲಿ ಎಷ್ಟೋ ಸಲ ಪಾಲಿಯೆಸ್ಟರ್ ಬೆರೆತಿರುತ್ತದೆ. ಅದು ಬೇಗ ಒಣಗುತ್ತದೆ, ಸುಕ್ಕಾಗುವುದು ಕಡಿಮೆ. ಬೆವರು ಹೀರುವುದು ಮಾತ್ರ ಹತ್ತಿಯೇ. ಕಲಬುರಗಿಯ ಮೇ ತಿಂಗಳಲ್ಲಿ ದಿನವಿಡೀ ಖಾಕಿ ತೊಟ್ಟು ದುಡಿಯುವವರು ಅಂಗಡಿಯಲ್ಲಿ ಪೂರ್ತಿ ಹತ್ತಿಯದ್ದನ್ನೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು.